ಎರೆಭೂಮಿ ಬಿರಿಯುವುದೇಕೆ?

ಮಾಗಿಯ ಹೊತ್ತಿಗೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಎರೆಹೊಲಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬೀಳುವುದನ್ನು ನಾವೆಲ್ಲ ಕಂಡೇ ಇದ್ದೇವೆ. ಮಳೆಗಾಲದಲ್ಲಿ ಅದೇ ನೆಲ ಉಬ್ಬಿ ಎತ್ತಿನ ಕಾಲು ಹಿಡಿಯುತ್ತದೆ. ಮಸಾರಿ ಹೀಗೆ ಮಾಡುವುದಿಲ್ಲ. ಕಾರಣ ಮಣ್ಣಿನೊಳಗಿನ ಖನಿಜದಲ್ಲಿದೆ.

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಲಾವಾರಸ ಹರಿದು, ಆರಿ, ದಖ್ಖಣದ ಕರಿಕಲ್ಲಾಯಿತು. ಮಳೆನೀರು ಗಾಳಿಯಲ್ಲಿಯ ಇಂಗಾಲಾಮ್ಲವಾಯುವನ್ನು ಕುಡಿದು, ತುಸು ಹುಳಿಯಾಗಿ, ಈ ಕಲ್ಲನ್ನು ಸವೆಸುತ್ತ ಬಂದಿತು. ಬಿಡುಗಡೆಯಾದ ಸುಣ್ಣದಂಶ ಒಂದಿಷ್ಟು ಹೊಲದಲ್ಲಿಯೇ ಸುಣ್ಣದ ಹರಳಾಗಿ ಉಳಿಯಿತು. ಮಿಕ್ಕುದು ಹೊಳೆಗುಂಟ ಸಮುದ್ರ ಸೇರಿ ಸುಣ್ಣಗಲ್ಲಾಯಿತು. ಹೀಗೆ ಕಲ್ಲಿನಲ್ಲಿ ಸೆರೆಯಾದ ವಾಯುವನ್ನು ಜ್ವಾಲಾಮುಖಿಗಳು ಮರಳಿ ಉಗುಳುತ್ತವೆ. ಭೂಮಿಯು ಕಾದು ಕೆಂಡವಾಗದೆ, ಹೆಪ್ಪುಗಟ್ಟದೆ, ಬದುಕಿಗೆ ಯೋಗ್ಯವಾಗಿ ಉಳಿದುದರಲ್ಲಿ ಈ ನಿಧಾನದ ಕೊಡುಕೊಳ್ಳುವಿಕೆಗೆ ದೊಡ್ಡ ಪಾಲಿದೆ.

ಕಲ್ಲು ಸವೆದು ಉಳಿದ ಜೇಡಿಯೇ ಎರೆ. ಅದರ ಮುಖ್ಯ ಖನಿಜ ಸ್ಮೆಕ್ಟೈಟ್. ವೀಳ್ಯದೆಲೆಯ ಕಟ್ಟಿನಂತೆ ಪದರದ ಮೇಲೆ ಪದರ. ಒಂದೊಂದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು! ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಸಾರಿಯಲ್ಲಿ ಹೆಚ್ಚಾಗಿರುವ ಕೆಯೊಲಿನೈಟಿನ ಪದರಗಳು ಬಿಗಿಯಾಗಿ ಅಂಟಿಕೊಂಡಿದ್ದು ನೀರಿಗೆ ಎಡೆಗೊಡವು.

ಹಿಂಗಾರಿ ಬಿಳಿಜೋಳ ಮಳೆಯಿಲ್ಲದೆಯೂ ಕಾಳು ಕಟ್ಟುವುದು ಈ ಜೇಡಿ ಹಿಡಿದಿಟ್ಟ ನೀರಿನಿಂದ. ಆದರೆ ಬಿರುಕು ಬಾಯಿ ತೆರೆದರೆ ಆಳದ ಹಸಿಯೂ ಹಾರಿಹೋಗುತ್ತದೆ, ಬೇರೂ ಹರಿಯುತ್ತದೆ. ಕಸವಿಲ್ಲವೆಂದು ಎಡೆ ಹೊಡೆಯುವುದನ್ನು ಬಿಡುವವರದು ತಪ್ಪು ಲೆಕ್ಕವೆಂದೇ ನಮ್ಮ ಎಣಿಕೆ. ಬಿತ್ತಿದ 3, 5 ಮತ್ತು 8ನೆಯ ವಾರಗಳಲ್ಲಿ ಎಡೆ ಹೊಡೆಯಬೇಕು; ಕೊನೆಯದಂತೂ ಬಿರುಕನ್ನು ಪುಡಿಮಣ್ಣಿನಿಂದ ಮುಚ್ಚಲೆಂದೇ ಇದೆ.