ತೇರಿನಿಂದ ಯುಗಾದಿಗೆ ಎಷ್ಟು ದಿನ

ನನ್ನ ಹೆಂಡತಿಯ ಓಪಿಡಿ ಮೇಜಿನ ಮೇಲೆ ಒಂದು ಕ್ಯಾಲೆಂಡರ್ ಇದೆ. ಅದರ ತುಂಬ ಕೆಂಪು ಇಂಕಿನ ಸುತ್ತುಗಳು. ಸುತ್ತಿನ ಪಕ್ಕ ಸಣ್ಣ ಅಕ್ಷರದಲ್ಲಿ ತೇರುಮಲ್ಲೇಶ್ವರ, ಶಿವರಾತ್ರಿ, ಹಟ್ಟಿ ತಿಪ್ಪೇಶ, ಯುಗಾದಿ. ನಡುನಡುವೆ ಸುತ್ತಲ ಹಳ್ಳಿಗಳ ಮಾರಮ್ಮಂದಿರು. ಮೊದಲ ಸಲ ನೋಡಿದಾಗ ರಜೆಗೆ ಗುರುತು ಹಾಕಿಕೊಂಡಿದ್ದಾಳೆ ಅಂದುಕೊಂಡೆ. ಕೇಳಿದ್ದಕ್ಕೆ, "ರಜೆ ಅಲ್ಲ ಕಣ್ರೀ, ಕೆಮ್ಮಿನ ಲೆಕ್ಕ" ಅಂದಳು.

ಆ ಲೆಕ್ಕ ಏನೆಂದು ಗೊತ್ತಾಗಿದ್ದು ಯುಗಾದಿ ಕಳೆದ ಮೇಲೆ. ಮದಕರಿಪುರದ ನಮ್ಮ ಮನೆಯಿಂದ ಅವಳು ದಿನಾ ಹಿರಿಯೂರು ಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿಬರುತ್ತಾಳೆ. ಒಂದು ಶನಿವಾರ ಕರೆದುಕೊಂಡು ಬರಲು ಹೋದವನು ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಉಳಿದಿದ್ದವರು ಒಬ್ಬರೇ, ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡ ತಾತ.

"ಕೆಮ್ಮು ಯಾವಾಗಿಂದ ತಾತ?"

"ಭಾಳ ದಿನ ಆತು ತಾಯಿ."

"ಎರಡು ವಾರ ಆಗಿರಬಹುದಾ?"

ತಾತ ಸುಮ್ಮನೆ ತಲೆ ಅಲ್ಲಾಡಿಸಿದರು. ಹೂಂ ಎಂದಂತೆಯೂ ಇತ್ತು, ಊಹೂಂ ಎಂದಂತೆಯೂ ಇತ್ತು.

"ಯುಗಾದಿಗೆ ಮುಂಚೆನೋ, ಆಮೇಲೋ?"

"ಮುಂಚೇನೆ."

"ಹಟ್ಟಿ ಜಾತ್ರೆಗೆ ಹೋಗಿದ್ರಾ? ಆವಾಗ ಕೆಮ್ಮಿತ್ತಾ?"

"ಎಲ್ಲಿ ಹೋಗ್ಲಿ ತಾಯಿ, ಇದರ ದೆಸೆಯಿಂದ್ಲೇ ಹೋಗ್ಲಿಲ್ಲ. ಹಿರಿಯೂರಾಗೆ ತೇರು ಎಳೆದ್ರಲ್ಲ, ಆವತ್ತು ರಾತ್ರಿಯಿಂದ ಹಿಡ್ಕಂತು."

ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚುವ ಸದ್ದು ಕೇಳಿಸಿತು. ತೇರುಮಲ್ಲೇಶ್ವರನ ತೇರು ಮಾಘದಲ್ಲಿ. ಅಲ್ಲಿಂದ ಯುಗಾದಿಗೇ ಒಂದೂವರೆ ತಿಂಗಳು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು ಎಂಬುದು ಕ್ಷಯ ನಿರ್ಮೂಲನಾ ಕಾರ್ಯಕ್ರಮದ ನಿಯಮ. ಎರಡು ವಾರ ಎಂದರೆ ತಾತನಿಗೆ ಏನೂ ಹೊಳೆಯದು. ತೇರು ಎಂದರೆ ರಾತ್ರಿಯ ಸಮೇತ ನೆನಪು.

ಕಂಬಳಿಯ ಮಡಿಕೆಯಿಂದ ತಾತ ಒಂದು ಖಾಲಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಕೆಮ್ಮಿನ ಸಿರಪ್ಪು. ಎಲ್ಲೋ ಒಂದು ಕಡೆ ತೋರಿಸಿದ್ದರಂತೆ, ಬರೆದುಕೊಟ್ಟಿದ್ದರಂತೆ. ಅಂಥದೇ ಇನ್ನೊಂದು ಬೇಕು ಎಂದು ಕೇಳಲು ಬಂದಿದ್ದರು. ಇವಳು ಅದನ್ನು ಪಕ್ಕಕ್ಕೆ ಸರಿಸಿ, ಕಫದ ಡಬ್ಬಿ ಕೈಗೆ ತೆಗೆದುಕೊಂಡು, "ಬನ್ನಿ ತಾತ, ಹೊರಗೆ ಹೋಗಾಣ" ಎಂದು ಎದ್ದಳು.

ಅಂಗಳದ ಹೊಂಗೆ ಮರದ ಕೆಳಗೆ ಇಬ್ಬರೂ ನಿಂತರು. "ಉಗುಳು ಬೇಡ, ಕಫ ಬೇಕು. ಗಂಟಲಿಂದ ಅಲ್ಲ, ಇಲ್ಲಿಂದ ಬರಬೇಕು" ಎಂದು ತನ್ನ ಪಕ್ಕೆಲುಬಿನ ಕೆಳಗೆ ಕೈಯಿಟ್ಟುಕೊಂಡು ತೋರಿಸಿದಳು. ಉದ್ದಕ್ಕೆ ಉಸಿರೆಳೆದು, ಒಂದಿಷ್ಟು ತಡೆದು, ತಾನೇ ಜೋರಾಗಿ ಕೆಮ್ಮಿದಳು. ತಾತ ನೋಡಿ ಹಾಗೇ ಮಾಡಿದರು. ಇನ್ನೊಂದು ಸಲ ಮಾಡಿಸಿದಳು. ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಒಲೆಯ ಹತ್ತಿರ ಅಲ್ಲ, ಮಕ್ಕಳ ಹತ್ತಿರ ಅಲ್ಲ, ಬಯಲಿನಲ್ಲಿ ನಿಂತು ಇನ್ನೊಂದು ಡಬ್ಬಿ ತುಂಬಬೇಕು ಎಂದು ಹೇಳಿ, ಅವರ ಬಾಯಿಂದಲೇ ಮತ್ತೆ ಹೇಳಿಸಿದಳು. ಓಪಿಡಿ ಸಮಯ ಯಾವಾಗಲೋ ಮುಗಿದಿತ್ತು. ಅವಳು ಎಂಬಿಬಿಎಸ್ ಪಾಸಾದ ದಿನ ಊರಿಗೆಲ್ಲ ಪೇಡೆ ಹಂಚಿದವನು ನಾನು. ಆ ಹೆಮ್ಮೆ ಈ ಮಧ್ಯಾಹ್ನದ್ದಕ್ಕೆ ಸಮವಲ್ಲ.

ವಾಪಸು ಬರುವ ದಾರಿಯಲ್ಲಿ ಆ ಬಾಟಲಿಯ ಕತೆ ಹೇಳಿದಳು. ಆ ಕತೆ ನಮ್ಮ ಪಕ್ಕದ ತುಮಕೂರು ಜಿಲ್ಲೆಯದು, ಅರವತ್ತು ವರ್ಷಕ್ಕೂ ಹಳೆಯದು. ಆಮೇಲೆ ನಾನೂ ಹುಡುಕಿ ಓದಿದೆ.

1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಕ್ಷಯ ಪಟ್ಟಣದ ಕಾಯಿಲೆ ಎಂಬ ನಂಬಿಕೆಯನ್ನು ಅಳಿಸಿಹಾಕಿತ್ತು. ಹಳ್ಳಿಗಳಲ್ಲೂ ಅಷ್ಟೇ ಇತ್ತು. ರೋಗಿಯನ್ನು ಸ್ಯಾನಟೋರಿಯಂನಲ್ಲಿ ಇಡಬೇಕಿಲ್ಲ, ಮನೆಯಲ್ಲೇ ಮಾತ್ರೆ ನುಂಗಿದರೂ ಅಷ್ಟೇ ಗುಣವಾಗುತ್ತದೆ ಎಂದು ಮದರಾಸಿನ ಅಧ್ಯಯನ 1959ರಲ್ಲಿ ತೋರಿಸಿತು. ಔಷಧಿ ಇದೆ, ಮನೆಯಲ್ಲೇ ಕೊಡಬಹುದು. ಆದರೆ ಲಕ್ಷಾಂತರ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕುವುದು ಹೇಗೆ? ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರಾಗಿ ಬರುವುದಿಲ್ಲ, ಎಕ್ಸ್‌ರೇ ವಾಹನ ತೆಗೆದುಕೊಂಡು ನಾವೇ ಮನೆಬಾಗಿಲಿಗೆ ಹೋಗಬೇಕು ಎಂಬುದು ಆಗ ಬಲ್ಲವರ ಮಾತು. ಬಡ ದೇಶಕ್ಕೆ ಅಷ್ಟೊಂದು ವಾಹನ ಎಲ್ಲಿಂದ ತರುವುದು?

ಇದಕ್ಕೆ ದಾರಿ ಹುಡುಕಲೆಂದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದ ಹಾಫ್ಡಾನ್ ಮಾಹ್ಲರ್, ಸ್ಟಿಗ್ ಆಂಡರ್ಸನ್ ಅಲ್ಲಿದ್ದರು. ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರೇ ಆದರು. ಅವರ ಜೊತೆ ದೇಬಬರ್ ಬ್ಯಾನರ್ಜಿ ಎಂಬ ವೈದ್ಯ, ಇನ್ನೂ ಮೂವತ್ತರ ಆಸುಪಾಸಿನವರು. ವೈದ್ಯಕೀಯದ ಜೊತೆಗೆ ಮಾನವಶಾಸ್ತ್ರವನ್ನೂ ಓದಿಕೊಂಡಿದ್ದರು. ನನಗೆ ಈ ಕತೆಯಲ್ಲಿ ಮುಖ್ಯವಾಗಿ ಕಾಣುವುದು ಅದೇ.

ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಸಂಸ್ಥೆಯ ತಂಡಗಳು ಎಕ್ಸ್‌ರೇ ತೆಗೆದವು, ಕಫ ಪರೀಕ್ಷಿಸಿದವು. ಯಾರಿಗೆ ಕಾಯಿಲೆ ಇದೆ ಎಂದು ಪಟ್ಟಿ ಸಿಕ್ಕಿತು. ಸಾಮಾನ್ಯವಾಗಿ ಕೆಲಸ ಅಲ್ಲಿಗೆ ಮುಗಿಯುತ್ತದೆ. ಬ್ಯಾನರ್ಜಿ ಮತ್ತು ಆಂಡರ್ಸನ್ ಅಲ್ಲಿಂದ ಶುರುಮಾಡಿದರು. ಪಟ್ಟಿಯಲ್ಲಿದ್ದವರ ಮನೆಗೆ ಪ್ರಶ್ನೆ ಕೇಳುವವರನ್ನು ಕಳಿಸಿದರು. ನಿಮಗೆ ಏನು ತೊಂದರೆ? ಎಷ್ಟು ದಿನದಿಂದ? ಅದರ ಚಿಂತೆ ಇದೆಯಾ? ಎಲ್ಲಿ ತೋರಿಸಿದಿರಿ? ಹೋಲಿಸಿ ನೋಡಲು ಕಾಯಿಲೆ ಇಲ್ಲದವರನ್ನೂ ಹಾಗೆಯೇ ಕೇಳಿದರು.

ಉತ್ತರ ಬಂದಾಗ ಬಲ್ಲವರ ಮಾತು ತಲೆಕೆಳಗಾಯಿತು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಕೆಮ್ಮು, ಜ್ವರ, ಎದೆನೋವು ಚೆನ್ನಾಗಿ ಗೊತ್ತಿತ್ತು. ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಎಲ್ಲಾದರೂ ಹೋಗಿ ತೋರಿಸಿಯೂ ಆಗಿತ್ತು. ಹಳ್ಳಿಯ ದಾರಿ ನಡೆದು, ಕೂಲಿ ಬಿಟ್ಟು, ಆಸ್ಪತ್ರೆಯ ಸಾಲಿನಲ್ಲಿ ನಿಂತು, ಅವರು ಕೈಯಲ್ಲಿ ಹಿಡಿದುಕೊಂಡು ಬಂದದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ನೋಡಿದವರಿಲ್ಲ. ರೋಗಿ ವೈದ್ಯರನ್ನು ಹುಡುಕಿಕೊಂಡು ಬಂದಿದ್ದ. ಎದುರಿಗೆ ಕೂತವನನ್ನು ಗುರುತಿಸದೆ ಕಳಿಸಿಬಿಟ್ಟಿದ್ದರು.

ವಿಜ್ಞಾನಿ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಶಾಲೆಯ ಪುಸ್ತಕದಲ್ಲಿದೆ. ತುಮಕೂರಿನಲ್ಲಿ ಕಂಡದ್ದು ಅದರ ಪಕ್ಕದಲ್ಲಿ ಕೂರಬೇಕಾದ ಸಂಗತಿ ಎಂದು ನಾನು ನಂಬುತ್ತೇನೆ. ಅದನ್ನು ಕಾಣಲು ಬೇಕಾದದ್ದು ಜಗಲಿಯ ಮೇಲೆ ಕೂತು ಕೇಳುವ ವ್ಯವಧಾನ. ವಾಹನಗಳ ಸೈನ್ಯ ಬೇಡ. ಇರುವ ಆಸ್ಪತ್ರೆಗೇ ಕೆಮ್ಮಿಕೊಂಡು ಬರುವವರ ಕಫವನ್ನು ಅಲ್ಲೇ ನೋಡಿ, ಅಲ್ಲೇ ಮಾತ್ರೆ ಕೊಡಿ ಎಂದಾಯಿತು. ಈ ಪದ್ಧತಿಯನ್ನು ಮೊದಲು ನಡೆಸಿ ನೋಡಿದ್ದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ. 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇದೇ ಬುನಾದಿಯ ಮೇಲೆ ನಿಂತಿತು. ತುಮಕೂರಿನ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು.

"ದಕ್ಷಿಣಕ್ಕೆ ತುಮಕೂರು, ಪೂರ್ವಕ್ಕೆ ಅನಂತಪುರ" ಎಂದು ಅವಳು ಕಾರಿನ ಕಿಟಕಿಯಾಚೆ ಕೈ ತೋರಿಸಿದಳು. "ಕಂಡುಹಿಡಿದದ್ದು ಅಲ್ಲಿ, ಮಾಡಿ ನೋಡಿದ್ದು ಇಲ್ಲಿ. ಮಧ್ಯದಲ್ಲಿ ನಾನು ಕೂತಿದೀನಿ. ಇವತ್ತೂ ನನ್ನ ಮೇಜಿಗೆ ಅದೇ ಬಾಟಲಿ ಬಂತಲ್ಲ." ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ತುಂಬಿತ್ತು. ಚಿತ್ರದುರ್ಗದ ಬೆಟ್ಟ ಕಾಣುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ತಾತನ ಕಫದಲ್ಲಿ ರೋಗಾಣು ಸಿಕ್ಕಿತು. ಆರು ತಿಂಗಳ ಮಾತ್ರೆ ಶುರುವಾಗಿದೆ. ಅವರ ಮನೆಯ ಮಕ್ಕಳನ್ನು ನೋಡಲು ಇವಳೇ ಹೋಗಿಬಂದಳು. ಹೋದವಳು ಆ ಊರ ಮಾರಮ್ಮನ ಹಬ್ಬ ಯಾವ ವಾರ ಎಂದೂ ಕೇಳಿಕೊಂಡು ಬಂದಿದ್ದಾಳೆ. ಸುತ್ತಲಿನ ಮೂರು ಹಳ್ಳಿಗಳದ್ದು ಇನ್ನೂ ಸಿಗಬೇಕು. ಭಾನುವಾರ ನಾನೇ ಹೋಗಿ ವಿಚಾರಿಸಿಕೊಂಡು ಬರುತ್ತೇನೆ ಎಂದು ಹೇಳಿದ್ದೇನೆ. ಕ್ಯಾಲೆಂಡರ್ ಮನೆಗೆ ಬಂದಿದೆ, ಕೆಂಪು ಪೆನ್ನು ನನ್ನ ಜೇಬಿನಲ್ಲಿದೆ.