ಹಳ್ಳಿಗೆ ಹತ್ತಿರದ ಡಾಕ್ಟರು ಯಾರು? ಅಹಮದಾಬಾದ್, ವಡೋದರಾ, ಸೂರತ್ ಸುತ್ತಲಿನ ಕನ್ನಡಿಗರಿಗೆ

ಕೆಲಸಕ್ಕೆಂದು ಗುಜರಾತಿಗೆ ಬಂದು ಸಾಣಂದ್, ಪಾದ್ರಾ, ಓಲ್ಪಾಡ್‌ನಂಥ ತಾಲ್ಲೂಕಿನ ಹಳ್ಳಿಯಲ್ಲಿ ಮನೆ ಮಾಡಿದ್ದೀರಾ? ಹಾಗಿದ್ದರೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದಾಗ ನಿಮಗೆ ಮೊದಲು ನೆನಪಾಗುವುದು ಅಹಮದಾಬಾದಿನ ಸಿವಿಲ್, ವಡೋದರಾದ ಎಸ್‌ಎಸ್‌ಜಿ ಅಥವಾ ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆ. ಅಲ್ಲಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ "ನಾಳೆ ನೋಡೋಣ" ಎಂದು ಸುಮ್ಮನಾಗುವವರೇ ಹೆಚ್ಚು. ಕೆಲವು ಕಾಯಿಲೆಗಳಲ್ಲಿ ಹಾಗೆ ಕಳೆದ ಒಂದೆರಡು ದಿನವೇ ಜೀವಕ್ಕೆ ಅಪಾಯ ತರುತ್ತದೆ. ಹತ್ತಿರದಲ್ಲಿ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಆರೋಗ್ಯ ಚೆನ್ನಾಗಿರುವಾಗಲೇ ತಿಳಿದುಕೊಳ್ಳಿ.

ಮೂರು ಮೆಟ್ಟಿಲು

ಸರ್ಕಾರಿ ವ್ಯವಸ್ಥೆ ಕರ್ನಾಟಕದಲ್ಲಿರುವಂತೆಯೇ ಇದೆ, ಹೆಸರುಗಳಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ.

- ಉಪಕೇಂದ್ರ: ಗುಜರಾತಿಯಲ್ಲಿ 'ಪೇಟಾ ಕೇಂದ್ರ'. ಬಯಲು ಪ್ರದೇಶದಲ್ಲಿ 5,000 ಜನರಿಗೆ, ಆದಿವಾಸಿ ಪ್ರದೇಶದಲ್ಲಿ 3,000 ಜನರಿಗೆ ಒಂದು ಇರಬೇಕೆಂಬುದು ನಿಯಮ. ಇವುಗಳಲ್ಲಿ ಹಲವು ಈಗ 'ಆಯುಷ್ಮಾನ್ ಆರೋಗ್ಯ ಮಂದಿರ'ಗಳಾಗಿವೆ. ಇಲ್ಲಿ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಮತ್ತು ನರ್ಸ್ ಇರುತ್ತಾರೆ. ಬಿಪಿ, ಶುಗರ್ ತಪಾಸಣೆ, ಲಸಿಕೆ, ಗರ್ಭಿಣಿಯರ ತಪಾಸಣೆ ಇಲ್ಲೇ ಆಗುತ್ತದೆ.
- ಪ್ರಾಥಮಿಕ ಆರೋಗ್ಯ ಕೇಂದ್ರ: ಗುಜರಾತಿಯಲ್ಲೂ ಇದೇ ಹೆಸರು. 30,000 ಜನರಿಗೆ (ಆದಿವಾಸಿ ಪ್ರದೇಶದಲ್ಲಿ 20,000) ಒಂದು. ಎಂಬಿಬಿಎಸ್ ಡಾಕ್ಟರು ಸಿಗಬೇಕಾದ ಮೊದಲ ಜಾಗ ಇದು.
- ಸಮುದಾಯ ಆರೋಗ್ಯ ಕೇಂದ್ರ: ಬೋರ್ಡಿನಲ್ಲಿ 'ಸಾಮೂಹಿಕ ಆರೋಗ್ಯ ಕೇಂದ್ರ' ಎಂದಿರುತ್ತದೆ. ಸುಮಾರು 30 ಹಾಸಿಗೆ. ಹೆರಿಗೆ, ಮಕ್ಕಳ ಮತ್ತು ಶಸ್ತ್ರಚಿಕಿತ್ಸೆಯ ತಜ್ಞರು ಇರಬೇಕಾದ ಜಾಗ.

ದಾರಿ ಕೇಳುವಾಗ 'ಸರಕಾರಿ ದವಾಖಾನು' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಉತ್ತರ ಕರ್ನಾಟಕದವರಿಗೆ ಈ ಪದ ಹೊಸದೇನಲ್ಲ.

ತಡ ಮಾಡಿದರೆ ಏನಾಗುತ್ತದೆ?

ಒಂದು ಉದಾಹರಣೆ ನೋಡಿ. ಸೂರತ್ ಮತ್ತು ಅದರ ದಕ್ಷಿಣದ ಜಿಲ್ಲೆಗಳಲ್ಲಿ ಮಳೆಗಾಲ ಬಂತೆಂದರೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಕಾಣಿಸಿಕೊಳ್ಳುತ್ತದೆ. ಇಲಿ ಮತ್ತು ದನಗಳ ಮೂತ್ರ ಸೇರಿದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಭತ್ತ, ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೆ ಕಾಲಿನ ಗಾಯ, ಬಿರುಕುಗಳ ಮೂಲಕ ರೋಗಾಣು ಒಳಹೊಗುತ್ತದೆ. ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಇದರ ಮೊದಲ ಲಕ್ಷಣಗಳು. ಈ ಹಂತದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಂದಲೇ ಗುಣಪಡಿಸಬಹುದು. ಬಿಟ್ಟರೆ ಕಾಮಾಲೆ, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆಗೆ ತಿರುಗಬಹುದು. ಆಗ ಐಸಿಯು ಬೇಕಾಗುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ಜ್ವರ ಬಂದರೆ ಅಂಗಡಿಯಿಂದ ಮಾತ್ರೆ ತಂದು ಕಾಯಬೇಡಿ. "ಗದ್ದೆ ನೀರಿನಲ್ಲಿ ಕೆಲಸ ಮಾಡಿದ್ದೇನೆ" ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಪದವಿ ಇಲ್ಲದೆ ಇಂಜೆಕ್ಷನ್ ಕೊಡುವವರ ಬಳಿ ಹೋಗಿ ದಿನ ಕಳೆಯಬೇಡಿ.

ಕೇಂದ್ರದಲ್ಲಿ ಡಾಕ್ಟರೇ ಇಲ್ಲದಿದ್ದರೆ?

ಈ ಸಮಸ್ಯೆ ನಿಜ. ಕೇಂದ್ರ ಆರೋಗ್ಯ ಸಚಿವಾಲಯದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ, ದೇಶದ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಸುಮಾರು ಶೇ. 80ರಷ್ಟು ಕೊರತೆಯಿದೆ. ಪ್ರಾಥಮಿಕ ಕೇಂದ್ರಗಳಿಗೆ ಬರುವ ಎಷ್ಟೋ ಯುವ ವೈದ್ಯರು ಬಾಂಡ್ ಅವಧಿ ಮುಗಿದ ಮೇಲೆ ಹೊರಡುತ್ತಾರೆ. ಆದರೂ ನೀವು ಮಾಡಬಹುದಾದ್ದು ಇದೆ.

- ಉಪಕೇಂದ್ರದ ಸಿಎಚ್‌ಒ ಬಳಿ 'ಇ-ಸಂಜೀವನಿ' ಮೂಲಕ ಡಾಕ್ಟರ ಜತೆ ವಿಡಿಯೊದಲ್ಲಿ ಮಾತನಾಡಿಸಲು ಕೇಳಿ. ಇದು ಉಚಿತ. ಮೊಬೈಲ್‌ನಿಂದಲೂ ಮಾಡಬಹುದು.
- ತಜ್ಞರನ್ನು ಕಾಣಬೇಕಿದ್ದರೆ ಹೊರಡುವ ಮೊದಲು ಆಶಾ ಕಾರ್ಯಕರ್ತೆಯಿಂದ ಅವರು ಯಾವ ದಿನ ಬರುತ್ತಾರೆಂದು ತಿಳಿದುಕೊಳ್ಳಿ.
- ಚೀಟಿ, ರಕ್ತ ಪರೀಕ್ಷೆಯ ವರದಿ, ಮಾತ್ರೆಗಳ ಹೆಸರು ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಡಾಕ್ಟರು ಬದಲಾದರೂ ನಿಮ್ಮ ಚಿಕಿತ್ಸೆ ಮೊದಲಿನಿಂದ ಶುರುವಾಗಬಾರದು.
- ಬಿಪಿ, ಶುಗರ್ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೋಗಿ.

ಮನೆಯಲ್ಲಿ ಗರ್ಭಿಣಿ ಇದ್ದರೆ

ಹಳ್ಳಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ತಜ್ಞರ ಕೊರತೆಯಿದ್ದ ಕಾರಣ ಗುಜರಾತ್ ಸರ್ಕಾರ 2005ರ ಕೊನೆಯಲ್ಲಿ 'ಚಿರಂಜೀವಿ' ಯೋಜನೆ ಆರಂಭಿಸಿ, ಬಡವರ ಹೆರಿಗೆಗೆ ಖಾಸಗಿ ವೈದ್ಯರಿಗೆ ತಾನೇ ಹಣ ಕೊಟ್ಟಿತು. ಅಂದರೆ ಹೆರಿಗೆಯ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಇಲ್ಲಿ ಬಹಳ ಮುಖ್ಯ. ಊರಿನಲ್ಲಿ ಮಾಡಿಸಿದ ತಾಯಿ ಕಾರ್ಡ್ ಇದ್ದರೆ ತೋರಿಸಿ, ಇಲ್ಲಿನ 'ಮಮತಾ ಕಾರ್ಡ್' ಮಾಡಿಸಿಕೊಳ್ಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರನ್ನು ಡಾಕ್ಟರೇ ಉಚಿತವಾಗಿ ಪರೀಕ್ಷಿಸುವ ಕಾರ್ಯಕ್ರಮವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧ, ಊಟ ಉಚಿತ.

ಕರ್ನಾಟಕದ ಕಾರ್ಡ್ ಇಲ್ಲಿ ನಡೆಯುತ್ತದೆಯೇ?

ಆಯುಷ್ಮಾನ್ ಭಾರತ್ ಪಿಎಂ-ಜೆಎವೈ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಆದರೆ ರಾಜ್ಯ ಸರ್ಕಾರವೇ ತನ್ನ ಖರ್ಚಿನಲ್ಲಿ ಸೇರಿಸಿಕೊಂಡ ಕುಟುಂಬಗಳಿಗೆ ಹೊರಗಡೆ ಈ ಸೌಲಭ್ಯ ಸಿಗದೇ ಇರಬಹುದು. ನಿಮ್ಮದು ಯಾವ ಬಗೆ ಎಂದು 14555ಕ್ಕೆ ಕರೆ ಮಾಡಿ ಇವತ್ತೇ ಕೇಳಿಕೊಳ್ಳಿ. ಈ ಕಾರ್ಡ್ ಒಳರೋಗಿಯಾಗಿ ದಾಖಲಾದಾಗ ಮಾತ್ರ. ಪ್ರಾಥಮಿಕ ಕೇಂದ್ರದಲ್ಲಿ ತೋರಿಸಿಕೊಳ್ಳಲು ಯಾವ ಕಾರ್ಡೂ ಬೇಕಿಲ್ಲ.

ಮೆಟ್ಟಿಲು ಹತ್ತಲು ಸಮಯವಿಲ್ಲದಾಗ

ಎದೆನೋವು, ಮುಖ ಅಥವಾ ಕೈಕಾಲು ಒಂದು ಕಡೆ ಸೋಲುವುದು, ಹಾವು ಕಡಿತ, ತಡೆಯಿಲ್ಲದ ರಕ್ತಸ್ರಾವ, ಫಿಟ್ಸ್, ಉಸಿರಾಟದ ತೊಂದರೆ, ಗರ್ಭಿಣಿಗೆ ವಿಪರೀತ ತಲೆನೋವು ಅಥವಾ ಕಣ್ಣು ಮಂಜಾಗುವುದು: ಇವುಗಳಲ್ಲಿ ಯಾವುದೇ ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿ. ಗುಜರಾತಿನಲ್ಲಿ 2007ರಿಂದ ಈ ಉಚಿತ ಸೇವೆ ಇದೆ. ಗುಜರಾತಿ ಬರದಿದ್ದರೆ ಹಿಂದಿಯಲ್ಲಿ ಹೇಳಿ, ಇಲ್ಲವೇ ಪಕ್ಕದ ಮನೆಯವರ ಕೈಗೆ ಫೋನ್ ಕೊಡಿ. ನಿಮ್ಮ ಹಳ್ಳಿ, ತಾಲ್ಲೂಕು ಮತ್ತು ಹತ್ತಿರದ ಗುರುತನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿಡಿ. ಗಾಬರಿಯಲ್ಲಿ ವಿಳಾಸ ನೆನಪಾಗದಿದ್ದರೂ ಮನೆಯ ಮಕ್ಕಳು ಕೂಡ ಅದನ್ನು ಓದಿ ಹೇಳಬಹುದು.