ರಾಷ್ಟ್ರದ ಅಭ್ಯುದಯವೂ ದೊಡ್ಡನೆಕ್ಕುಂದಿಯ ಕೆರೆಯೂ

ಬೆಂಗಳೂರಿನ ಪೂರ್ವಕ್ಕಿರುವ ದೊಡ್ಡನೆಕ್ಕುಂದಿಯು ನಮ್ಮ ಹಿರಿಯರ ಕಾಲಕ್ಕೆ ಕೆರೆಯನ್ನು ನಂಬಿ ಬದುಕಿದ ಹಳ್ಳಿ. ಈಗ ಅಲ್ಲಿ ಕೈಗಾರಿಕಾ ಪ್ರದೇಶವಿದೆ. ಸಮೀಪದ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿಯೂ ಕಂಪ್ಯೂಟರ್ ಉದ್ಯಮದ ಗಾಜಿನ ಸೌಧಗಳೆದ್ದಿವೆ. ಅಲ್ಲಿಯ ಒಂದು ಗುಂಟೆ ನೆಲದ ಇಂದಿನ ಬೆಲೆಯನ್ನು ಅಂದಿನ ರೈತನು ಕೇಳಿದ್ದರೆ, ಇಡೀ ಹೋಬಳಿಯನ್ನೇ ಮಾರುತ್ತಿರುವರೆಂದು ತಿಳಿಯುತ್ತಿದ್ದನು. ಈ ಐಶ್ವರ್ಯವು ಎಲ್ಲಿಂದ ಬಂದಿತೆಂದು ವಿಚಾರಿಸಿದರೆ, 1991ರ ಆರ್ಥಿಕ ಸುಧಾರಣೆಗಳ ಕಡೆಗೆ ಬೆರಳು ತೋರಿಸಿ ಸುಮ್ಮನಾಗುವುದು ವಾಡಿಕೆಯಾಗಿದೆ. ಈ ಉತ್ತರವು ಸುಳ್ಳಲ್ಲ. ಆದರೆ ಫಲವನ್ನು ಕಂಡು ಬೇರನ್ನು ಮರೆತವರ ಉತ್ತರವಿದೆಂದು ನಾವು ಹೇಳದೆ ವಿಧಿಯಿಲ್ಲ.

ಬೇರನ್ನು ಹುಡುಕಿದರೆ ನಾವು ಬಹುದೂರ ಹಿಂದಕ್ಕೆ ಹೋಗಬೇಕಾಗುತ್ತದೆ. ಜಮ್‌ಷೇಟ್‌ಜಿ ಟಾಟಾರವರ ಸಂಕಲ್ಪಕ್ಕೆ ಮೈಸೂರು ಸಂಸ್ಥಾನವು ಭೂಮಿಯನ್ನೂ ಹಣವನ್ನೂ ಕೊಟ್ಟು, 1909ರಲ್ಲಿ ವಿಜ್ಞಾನಮಂದಿರವು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. 1898ರಲ್ಲಿಯೇ ಜಪಾನನ್ನು ಕಂಡುಬಂದಿದ್ದ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಅರ್ಥಿಕಾಭಿವೃದ್ಧಿ ಸಮ್ಮೇಳನವು ಆರಂಭವಾಯಿತು. ಅವರ ದಿವಾನಗಿರಿಯಲ್ಲಿ 1913ರಲ್ಲಿ ಬ್ಯಾಂಕೂ 1916ರಲ್ಲಿ ವಿಶ್ವವಿದ್ಯಾನಿಲಯವೂ ಹುಟ್ಟಿದವು. 1940ರ ಡಿಸೆಂಬರಿನಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ವಾಲ್‌ಚಂದ್ ಹೀರಾಚಂದರ ಸಾಹಸಕ್ಕೆ ಸಂಸ್ಥಾನವು ಸುಮಾರು 700 ಎಕರೆ ನೆಲವನ್ನೂ ಬಂಡವಾಳದಲ್ಲಿ ಪಾಲನ್ನೂ ಒದಗಿಸಿದುದರಿಂದ ಹಿಂದೂಸ್ತಾನ್ ವಿಮಾನ ಕಾರಖಾನೆಯು ದೊಡ್ಡನೆಕ್ಕುಂದಿಯ ನೆರೆಯಲ್ಲೇ ತಲೆಯೆತ್ತಿತು. ಮುಂದೆ ಎರಡೇ ವರ್ಷದಲ್ಲಿ, ಅಂದರೆ 1942ರಲ್ಲಿ, ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಿತು. 1948ರಲ್ಲಿ ದೂರವಾಣಿ ಕಾರಖಾನೆಯೂ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಬಂದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯು ಬೆಂಗಳೂರನ್ನು ಆರಿಸಿಕೊಂಡುದು ಇಲ್ಲಿಯ ತಂಪಾದ ಹವೆಗೆ ಮಾತ್ರವೇ ಮರುಳಾಗಿಯೆಂದು ನಂಬುವುದು ಕಷ್ಟ. ಮೂರು ತಲೆಮಾರಿನ ಯಂತ್ರವಿದ್ಯೆಯು ಇಲ್ಲಿ ನೆಲೆಯೂರಿತ್ತು. ನೆಟ್ಟದ್ದೆಲ್ಲವೂ ಫಲಿಸಲಿಲ್ಲವೆಂಬುದೂ ನಿಜ. ಮನೆಮನೆಯ ಮುಂಗೈಯಲ್ಲಿದ್ದ ಎಚ್.ಎಂ.ಟಿ. ಗಡಿಯಾರದ ಕಂಪೆನಿಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು.

ರಾಷ್ಟ್ರಗಳ ಏಳುಬೀಳನ್ನು ಅಭ್ಯಸಿಸುವವರು ಒಂದು ವರ್ಷದ ಲೆಕ್ಕವನ್ನು ನಂಬದಿರುವುದು ಇದಕ್ಕಾಗಿಯೇ. ಚಕ್ರಬಡ್ಡಿಯನ್ನು ಬಲ್ಲ ಯಾವ ಸಾಹುಕಾರನಿಗೂ ಈ ಶಾಸ್ತ್ರವು ಹೊಸದಲ್ಲ. ವರ್ಷಕ್ಕೆ ನೂರಕ್ಕೆ 1ರಂತೆ ಬೆಳೆಯುವ ತಲಾ ವರಮಾನವು ಇಮ್ಮಡಿಯಾಗಲು 70 ವರ್ಷ ಬೇಕು. 5ರಂತೆ ಬೆಳೆದರೆ 14 ವರ್ಷ ಸಾಕು. ಆಂಗಸ್ ಮ್ಯಾಡಿಸನ್ ಎಂಬ ವಿದ್ವಾಂಸರ ಅಂದಾಜಿನಂತೆ, ಭಾರತೀಯನ ಸರಾಸರಿ ವರಮಾನವು 1913ರಲ್ಲಿದ್ದುದಕ್ಕಿಂತ 1950ರಲ್ಲಿ ಕಡಮೆಯಾಗಿತ್ತು. ಪರಕೀಯರ ಆಳ್ವಿಕೆಯ ಜಮಾಖರ್ಚು ಅದು. ಸ್ವಾತಂತ್ರ್ಯಾನಂತರದ ಮೊದಲ 30 ವರ್ಷಗಳಲ್ಲಿಯೂ ತಲಾ ವರಮಾನದ ಏರಿಕೆಯು ವರ್ಷಕ್ಕೆ ನೂರಕ್ಕೆ ಒಂದೂವರೆಯನ್ನು ಮುಟ್ಟಲಿಲ್ಲವೆಂಬುದನ್ನು ಮಾತ್ರ ನಾವು ಪರರ ಮೇಲೆ ಹೊರಿಸಲಾರೆವು. 1950ರ ಸುಮಾರಿಗೆ ನಮಗಿಂತ ಬಹಳ ಮುಂದಿರದಿದ್ದ ದಕ್ಷಿಣ ಕೊರಿಯವು ಇಂದು ನಮ್ಮ ಹತ್ತು ಪಟ್ಟಿಗೂ ಮೀರಿದ ತಲಾ ವರಮಾನವನ್ನು ಪಡೆದಿದೆ.

ಆದರೆ ಈ ಲೆಕ್ಕದ ಪುಸ್ತಕದಲ್ಲಿಯೇ ಒಂದು ದೋಷವಿದೆ. ಅದನ್ನು ಕಾಣಲು ದೊಡ್ಡನೆಕ್ಕುಂದಿಗಿಂತ ಒಳ್ಳೆಯ ಸ್ಥಳವಿಲ್ಲ. ಕೆರೆಯ ನೀರನ್ನು ಊರವರು ಬಿಟ್ಟಿಯಾಗಿ ಬಳಸುತ್ತಿದ್ದಾಗ ಆ ನೀರಿಗೆ ರಾಷ್ಟ್ರೀಯ ವರಮಾನದಲ್ಲಿ ಕಾಸಿನ ಬೆಲೆಯೂ ಇರಲಿಲ್ಲ. ಈಗ ಕೆರೆಗಳಿಗೆ ಕೊಳಚೆಯು ಹರಿದು, ಕೊಳವೆಬಾವಿಗಳು ಬತ್ತಿ, ಅದೇ ಮನೆಗಳಿಗೆ ಟ್ಯಾಂಕರಿನಲ್ಲಿ ನೀರು ಮಾರಾಟವಾದರೆ ವರಮಾನವು ಏರಿತೆಂದು ಬರೆದುಕೊಳ್ಳುತ್ತಾರೆ! 2017ರಲ್ಲಿಯೂ 2018ರಲ್ಲಿಯೂ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದಿತು. ಅದನ್ನು ನಂದಿಸಲು ಆದ ವೆಚ್ಚವೂ ಜಮೆಯ ಕಡೆಯೇ ಸೇರುತ್ತದೆ. 2024ರ ಬೇಸಗೆಯಲ್ಲಿ ಮಹಾದೇವಪುರದ ಕಡೆಯ ಬಡಾವಣೆಗಳು ಕೊಡ ಹಿಡಿದು ಕಾದುದನ್ನು ವಾಚಕರು ಮರೆತಿರಲಾರರು. ರಾಷ್ಟ್ರದ ಸುಖವನ್ನು ರಾಷ್ಟ್ರೀಯ ವರಮಾನದಿಂದ ಅಳೆಯಬಾರದೆಂದು 1934ರಲ್ಲಿಯೇ ಎಚ್ಚರಿಸಿದವರು, ಅಮೆರಿಕಕ್ಕೆ ಈ ಲೆಕ್ಕವನ್ನು ಕಟ್ಟಿಕೊಟ್ಟ ಸೈಮನ್ ಕುಜ್ನೆಟ್ಸ್ ಅವರೇ. ಲೆಕ್ಕವನ್ನು ನಾವು ಪಡೆದುಕೊಂಡೆವು. ಎಚ್ಚರಿಕೆಯನ್ನು ಅಲ್ಲಿಯೇ ಬಿಟ್ಟೆವು.

ಇನ್ನು ಫಲದ ಹಂಚಿಕೆಯ ಮಾತು. ಕರ್ನಾಟಕದ ಒಟ್ಟು ಉತ್ಪತ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ 175 ತಾಲ್ಲೂಕುಗಳನ್ನು ಪರಿಶೀಲಿಸಿ, 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಹೇಳಿತು. ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಆ ನಾಡಿನ ಜನ ಸೋಮಾರಿಗಳೆಂದು ಈ ನಗರದಲ್ಲಿ ಕೆಲವರು ಆಡುವುದನ್ನು ಕೇಳಿದ್ದೇವೆ. ಅಂಥವರು 1909ರಲ್ಲಿಯೂ 1940ರಲ್ಲಿಯೂ ಅಲ್ಲಿ ಯಾರು ಏನನ್ನು ನೆಟ್ಟರೆಂದು ಮೊದಲು ವಿಚಾರಿಸಲಿ. ನಿಜಾಮರ ಸರ್ಕಾರವು ಕಲಬುರಗಿಯಲ್ಲಿ ವಿಮಾನ ಕಾರಖಾನೆಯನ್ನು ಸ್ಥಾಪಿಸಲಿಲ್ಲ. ನಾವೂ ಸ್ಥಾಪಿಸಲಿಲ್ಲ.

ನೆಟ್ಟ ಒಂದು ಸಸಿಯು ಆ ಕಡೆಯಲ್ಲಿಯೂ ಇದೆ. 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾನಿಲಯವು ದೊರೆಯಿತು. ಬೆಂಗಳೂರಿನಲ್ಲಿ ವಿಜ್ಞಾನಮಂದಿರಕ್ಕೂ ವಿಮಾನ ಕಾರಖಾನೆಗೂ ನಡುವೆ 31 ವರ್ಷಗಳು ಕಳೆದಿದ್ದವು. ಅದೇ ಲೆಕ್ಕದಲ್ಲಿ ಕಡಗಂಚಿಯ ಪಾಲಿಗೆ 2040 ಬರುತ್ತದೆ. ಅಷ್ಟರೊಳಗೆ ಅದರ ನೆರೆಯಲ್ಲಿ ಯಾವ ಉದ್ಯಮವು ನಿಲ್ಲಬೇಕು, ಅದಕ್ಕೆ ನೀರು ಎಲ್ಲಿಯದು, ಅಲ್ಲಿಯ ಕೆರೆಗಳನ್ನು ಕಾಯುವವರು ಯಾರು ಎಂಬುದನ್ನು ಸರ್ಕಾರವು ಮುಂದಿನ ಆಯವ್ಯಯ ಪತ್ರದಲ್ಲಿಯೇ ಕಾಣಿಸಲಿ.